ಚಿರತೆಯ ಅಂಗಳದಲ್ಲಿ ಭಾನುವಾರದ ವಾಕಿಂಗ್

ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಮುಂಬೈನ ಬೋರಿವಲಿ ಪೂರ್ವದಲ್ಲಿ, ವೆಸ್ಟರ್ನ್ ಎಕ್ಸ್‌ಪ್ರೆಸ್ ಹೆದ್ದಾರಿಗೆ ಅಂಟಿಕೊಂಡಂತಿರುವ ಗೇಟೊಂದರ ಮುಂದೆ ಆಟೊರಿಕ್ಷಾಗಳು ಸಾಲುಗಟ್ಟುತ್ತವೆ. ಸೀರೆಗೆ ಸ್ಪೋರ್ಟ್ಸ್ ಶೂ ಹಾಕಿಕೊಂಡ ಹೆಂಗಸರು ಇಳಿಯುತ್ತಾರೆ. ಕೊರಳಿಗೆ ಬೈನಾಕ್ಯುಲರ್ ನೇತುಹಾಕಿಕೊಂಡ ಕಾಲೇಜು ಹುಡುಗರು, ಡಬ್ಬಿಯಲ್ಲಿ ತಿಂಡಿ ಕಟ್ಟಿಕೊಂಡು ಬಂದ ಸಂಸಾರಗಳು, ಜೋರಾಗಿ ನಗುವುದನ್ನೇ ವ್ಯಾಯಾಮ ಮಾಡಿಕೊಂಡ ನಿವೃತ್ತರ ಗುಂಪು ಎಲ್ಲರೂ ಅಲ್ಲಿರುತ್ತಾರೆ. ಕಿವಿಗೊಟ್ಟರೆ ಮರಾಠಿ, ಗುಜರಾತಿಗಳ ನಡುವೆ ತುಳುವೂ ಕನ್ನಡವೂ ಕೇಳಿಸುತ್ತವೆ. ಬೋರಿವಲಿ, ಕಾಂದಿವಲಿ, ಮುಲುಂಡ್, ಠಾಣೆಗಳಲ್ಲಿ ನೆಲೆನಿಂತ ನಮ್ಮವರು ಕಡಿಮೆಯೇನಲ್ಲ.

ಗೇಟು ದಾಟಿ ಒಂದಿಷ್ಟು ದೂರ ನಡೆದರೆ ಹೆದ್ದಾರಿಯ ಹಾರ್ನ್ ಸದ್ದು ಅಡಗುತ್ತದೆ. ಬಿದಿರ ಮೆಳೆ, ತೇಗ, ಮುತ್ತುಗ. ಮರದಿಂದ ಮರಕ್ಕೆ ನೆಗೆಯುವ ಮುಸುವ. ಈ ದಾರಿಯಲ್ಲಿ ಹಿಂದಿನ ರಾತ್ರಿ ಚಿರತೆ ನಡೆದುಹೋಗಿದ್ದರೂ ಇರಬಹುದು. ವಾಕಿಂಗಿಗೆ ಬಂದವರಿಗೆ ಅದು ಗೊತ್ತು. ಗೊತ್ತಿದ್ದೂ ಬರುತ್ತಾರೆ.

ಇದು ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ. ವಿಸ್ತೀರ್ಣ 100 ಚದರ ಕಿಲೊಮೀಟರಿಗಿಂತ ತುಸು ಹೆಚ್ಚು. ಪಶ್ಚಿಮಕ್ಕೆ ಗೋರೆಗಾಂವ್‌ನಿಂದ ದಹಿಸರ್‌ವರೆಗಿನ ಉಪನಗರಗಳು, ಪೂರ್ವಕ್ಕೆ ಭಾಂಡುಪ್, ಮುಲುಂಡ್, ಠಾಣೆ, ಉತ್ತರಕ್ಕೆ ವಸಾಯಿಯ ಖಾರಿ. ಮೂರು ಕಡೆಯಿಂದ ಕಾಂಕ್ರೀಟು ಒತ್ತಿಕೊಂಡು ಬಂದಿರುವ ಈ ಕಾಡಿನಲ್ಲಿ ಬೇಲಿಯಾಚೆಗೆ ಅಪಾರ್ಟ್‌ಮೆಂಟಿನ ಈಜುಕೊಳ, ಈಚೆಗೆ ಕಡವೆಯ ಹೆಜ್ಜೆ. ಇಷ್ಟು ದುಬಾರಿ ನೆಲ ದೇಶದಲ್ಲಿ ಬೇರೆಲ್ಲೂ ಇಲ್ಲದ ಊರಿನಲ್ಲಿ ಇಷ್ಟು ದೊಡ್ಡ ಕಾಡು ಉಳಿದದ್ದು ಹೇಗೆ?

ನೀರು ಉಳಿಸಿದ ಕಾಡು

ಮರದ ಮೇಲಿನ ಪ್ರೀತಿ ಇದನ್ನು ಉಳಿಸಿತು ಎಂದರೆ ಅರ್ಧ ಸುಳ್ಳಾಗುತ್ತದೆ. ಮೊದಲು ಕಾಪಾಡಿದ್ದು ಬಾಯಾರಿಕೆ. 19ನೇ ಶತಮಾನದ ನಡುವಿನ ಹೊತ್ತಿಗೆ ಬಾವಿ, ಕೆರೆಗಳನ್ನೇ ನಂಬಿದ್ದ ಬೊಂಬಾಯಿಗೆ ನೀರು ಸಾಲದೆ ಹೋಯಿತು. ಬ್ರಿಟಿಷ್ ಆಡಳಿತ ಈ ಗುಡ್ಡಗಳ ನಡುವೆ ವಿಹಾರ್ ಜಲಾಶಯ ಕಟ್ಟಿತು. 1860ರಲ್ಲಿ ಅದು ಮುಗಿದು, ಊರಿಗೆ ಮೊದಲ ಬಾರಿ ಕೊಳವೆಯಲ್ಲಿ ನೀರು ಹರಿಯಿತು. ಅದರ ಬೆನ್ನಿಗೆ 1879ರಲ್ಲಿ ತುಳಸಿ ಜಲಾಶಯ.

ಕೆರೆ ಕಟ್ಟಿದ ಮೇಲೆ ಅದಕ್ಕೆ ನೀರು ತರುವ ಗುಡ್ಡವನ್ನು ಬೋಳಿಸುವ ಹಾಗಿಲ್ಲ. ಬೋಳಿಸಿದರೆ ಮೊದಲ ಮಳೆಗೇ ಹೂಳು ತುಂಬುತ್ತದೆ. ಹೀಗೆ ಜಲಾನಯನ ಪ್ರದೇಶವೆಂದು ಕಾಯ್ದಿಟ್ಟ ನೆಲವೇ ಮುಂದೆ ಉದ್ಯಾನದ ತಿರುಳಾಯಿತು. ಕೃಷ್ಣಗಿರಿ ಉದ್ಯಾನ, ಬೋರಿವಲಿ ರಾಷ್ಟ್ರೀಯ ಉದ್ಯಾನ, ಈಗಿನ ಹೆಸರು ಎಂದು ಫಲಕಗಳು ಬದಲಾದವು. ಎರಡು ಕೆರೆಗಳ ಕೆಲಸ ಮಾತ್ರ ಬದಲಾಗಲಿಲ್ಲ. ಇವತ್ತಿಗೂ ಅವು ನಗರಕ್ಕೆ ಕುಡಿಯುವ ನೀರು ಕೊಡುತ್ತಿವೆ. ದಹಿಸರ್, ಪೊಯಿಸರ್ ನದಿಗಳು ಹುಟ್ಟುವುದೂ ಇಲ್ಲಿಯೇ. ವಿಹಾರ್ ತುಂಬಿ ಹೊರಚೆಲ್ಲುವ ನೀರು ಮಿಠಿ ನದಿ ಸೇರುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ಮಿಠಿ ಉಕ್ಕಿದಾಗಲೇ, ಅದೊಂದು ಚರಂಡಿಯಲ್ಲ, ನದಿ ಎಂಬುದು ಎಷ್ಟೋ ಮುಂಬೈಕರರಿಗೆ ಹೊಳೆದದ್ದು.

ಅಮೋಘವರ್ಷನ ಹೆಸರಿರುವ ಬಂಡೆ

ಈ ಗುಡ್ಡ ಹತ್ತುವವರು ಇಂದು ನಿನ್ನೆಯವರಲ್ಲ. ಕಾಡಿನ ನಟ್ಟನಡುವೆ, ಕಪ್ಪು ಬಸಾಲ್ಟ್ ಬಂಡೆಯಲ್ಲಿ ಕೊರೆದ ಕಾನ್ಹೇರಿ ಗುಹೆಗಳಿವೆ. ನೂರಕ್ಕೂ ಹೆಚ್ಚು. ಕ್ರಿಸ್ತಪೂರ್ವ ಒಂದನೇ ಶತಮಾನದ ಸುಮಾರಿಗೆ ಶುರುವಾಗಿ ಸಾವಿರ ವರ್ಷದಷ್ಟು ಕಾಲ ಬೌದ್ಧ ಭಿಕ್ಷುಗಳು ಇಲ್ಲಿ ಬಾಳಿದರು. ಗುಹೆಗುಹೆಗೂ ಒಂದೊಂದು ನೀರಿನ ತೊಟ್ಟಿ. ಮಳೆನೀರು ಬಂಡೆಯ ಮೇಲಿನ ಕಾಲುವೆಗುಂಟ ಇಳಿದು ತೊಟ್ಟಿ ಸೇರುವ ಏರ್ಪಾಡು. ಬ್ರಿಟಿಷರು ಕೆರೆ ಕಟ್ಟುವುದಕ್ಕೆ ಬಹಳ ಮುಂಚೆಯೇ ಈ ಗುಡ್ಡದ ನೀರಿನ ಬೆಲೆ ತಿಳಿದವರಿದ್ದರು.

ಕನ್ನಡದ ಓದುಗರಿಗೆ ಇಲ್ಲೊಂದು ವಿಶೇಷವಿದೆ. ಕಾನ್ಹೇರಿಯಲ್ಲಿ 9ನೇ ಶತಮಾನದ ಮೂರು ಶಾಸನಗಳು ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷನ ಹೆಸರು ಹೇಳುತ್ತವೆ. ಆಗ ಕೊಂಕಣವನ್ನು ಆಳುತ್ತಿದ್ದ ಶಿಲಾಹಾರರು ಅವನ ಸಾಮಂತರು. ‘ಕವಿರಾಜಮಾರ್ಗ’ದ ಜೊತೆ ನಾವು ನೆನೆಯುವ ದೊರೆ, ಬೋರಿವಲಿಯ ಕಾಡಿನಲ್ಲಿ ಭಿಕ್ಷುಗಳಿಗೆ ಕೊಟ್ಟ ದಾನದ ನಡುವೆ ಕಾಣಿಸಿಕೊಳ್ಳುತ್ತಾನೆ. ವಾರಾಂತ್ಯಕ್ಕೆ ಹೋಗುವ ಕನ್ನಡಿಗರಲ್ಲಿ ಎಷ್ಟು ಮಂದಿ ಇದನ್ನು ಹುಡುಕಿ ನೋಡುತ್ತಾರೋ!

ಇನ್ನೊಂದು ಸ್ವಾರಸ್ಯ. 1009 ಮತ್ತು 1021ರಲ್ಲಿ ಇಲ್ಲಿಗೆ ಬಂದ ಪಾರ್ಸಿ ಪ್ರವಾಸಿಗರು ಪಹ್ಲವಿ ಲಿಪಿಯಲ್ಲಿ ತಮ್ಮ ಹೆಸರುಗಳನ್ನು ಗುಹೆಯೊಂದರಲ್ಲಿ ಕೆತ್ತಿಸಿ ಹೋಗಿದ್ದಾರೆ. ಹೋದಲ್ಲೆಲ್ಲ ಹೆಸರು ಬರೆಯುವ ಚಟಕ್ಕೆ ಸಾವಿರ ವರ್ಷದ ಇತಿಹಾಸವಿದೆ ಎಂದಾಯಿತು. ಅವರದು ಇತಿಹಾಸಕಾರರಿಗೆ ದಾಖಲೆಯಾಯಿತು. ಈಗ ಯಾರಾದರೂ ಅದೇ ಕೆಲಸ ಮಾಡಿದರೆ ಕೇಸು ಬೀಳುತ್ತದೆ. ಬೀಳಲೇಬೇಕು.

ಎಲ್ಲಿಯವರೆಗೆ ಹೋಗಬಹುದು

ಉದ್ಯಾನ ನೋಡಿಬಂದೆವು ಎನ್ನುವ ಹೆಚ್ಚಿನವರು ನೋಡಿರುವುದು ಅದರ ಜಗುಲಿಯನ್ನು ಮಾತ್ರ. ಗಾಂಧಿ ಟೇಕಡಿ ಎಂಬ ದಿಬ್ಬ, ದೋಣಿ, ಹುಲಿ ಸಿಂಹಗಳ ಸಫಾರಿ, ಕಾನ್ಹೇರಿಗೆ ಹೋಗುವ ಡಾಂಬರು ರಸ್ತೆ ಎಲ್ಲ ಇರುವುದು ಪ್ರವಾಸಿಗರಿಗೆಂದು ಬಿಟ್ಟ ಸಣ್ಣ ಭಾಗದಲ್ಲಿ. ಬೆಳಗಿನ ವಾಕಿಂಗಿನವರಿಗೆ ಪ್ರತ್ಯೇಕ ಪಾಸ್ ಇದೆ. ಸಂಜೆ ಕತ್ತಲಾಗುವ ಮುನ್ನ ಎಲ್ಲರೂ ಹೊರಗಿರಬೇಕು.

ಅದರಾಚೆಗಿನ ಕಾಡಿಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು, ಜೊತೆಗೊಬ್ಬ ಮಾರ್ಗದರ್ಶಿ ಬೇಕು. ಶಿಲೋಂಡಾ ಹಳ್ಳದ ಗುಂಟ ಹೋಗುವ ಜಾಡು ಇವುಗಳಲ್ಲಿ ಹೆಸರಾದದ್ದು. ಚಿಟ್ಟೆ ನೋಡುವವರಿಗೆ, ಹಕ್ಕಿ ಹುಡುಕುವವರಿಗೆ ಪ್ರಿಯವಾದದ್ದು. ಈ ಕಾಡಿನಲ್ಲಿ 250ಕ್ಕೂ ಹೆಚ್ಚು ಜಾತಿಯ ಹಕ್ಕಿಗಳು ದಾಖಲಾಗಿವೆ. ಉದ್ಯಾನದ ಅತಿ ಎತ್ತರದ ಜಾಗ ಜಾಂಬುಳಮಾಳ, ಸುಮಾರು 468 ಮೀಟರ್. ಮುಳ್ಳಯ್ಯನಗಿರಿ ಹತ್ತಿದವರಿಗೆ ಇದೊಂದು ದಿಬ್ಬವೇ ಸರಿ. ಆದರೆ ಆ ಎತ್ತರದಿಂದ ಒಂದು ಕಡೆ ಕೆರೆ, ಕಾಡು, ಇನ್ನೊಂದು ಕಡೆ ದಿಗಂತದವರೆಗೆ ಕಟ್ಟಡ ಕಾಣುವ ನೋಟ ಮುಳ್ಳಯ್ಯನಗಿರಿಯಲ್ಲಿ ಸಿಗುವುದಿಲ್ಲ.

ಎಂಟು ವರ್ಷಕ್ಕೊಮ್ಮೆ ಮಳೆಗಾಲ ಮುಗಿಯುವ ಹೊತ್ತಿಗೆ ಇಲ್ಲಿನ ಇಳಿಜಾರುಗಳು ನೇರಳೆ ಬಣ್ಣಕ್ಕೆ ತಿರುಗುತ್ತವೆ. ಅದು ಕಾರ್ವಿ, ಚಂದ್ರದ್ರೋಣ ಪರ್ವತದಲ್ಲಿ ನಾವು ನೋಡುವ ಕುರಿಂಜಿಯ ದಾಯಾದಿ. 2008, 2016, 2024ರಲ್ಲಿ ಅರಳಿದೆ, ಇನ್ನು 2032ರವರೆಗೆ ಕಾಯಬೇಕು. ಕಾರ್ವಿಯ ಕಡ್ಡಿ ಹೆಣೆದು, ಮಣ್ಣು ಮೆತ್ತಿ ಗೋಡೆ ಎಬ್ಬಿಸುವುದು ಇಲ್ಲಿನ ವಾರ್ಲಿ ಬುಡಕಟ್ಟಿನವರ ಹಳೆಯ ರೂಢಿ.

ಅನುಮತಿ, ಮಾರ್ಗದರ್ಶಿ, ಸಮಯ ಎಂಬ ಕಟ್ಟುಪಾಡುಗಳನ್ನು ಕಿರಿಕಿರಿ ಎಂದುಕೊಳ್ಳುವವರಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ರಾಷ್ಟ್ರೀಯ ಉದ್ಯಾನಕ್ಕೆ ಪ್ರವೇಶ ಎಂಬುದು ಹಕ್ಕಲ್ಲ. ಇಲಾಖೆ ಕೊಡುವ ಪರವಾನಗಿ. ಮಳೆಗಾಲ ಬಂತೆಂದರೆ ಬೇಲಿಯ ಸಂದಿಯಲ್ಲಿ ನುಸುಳಿ ಜಲಪಾತ ಹುಡುಕಿ ಹೋಗುವ ಯುವಕರ ಹಾವಳಿ. ಕೆರೆಗಳಲ್ಲಿ ಮೊಸಳೆಗಳಿವೆ ಎಂದು ಬರೆದ ಫಲಕದ ಪಕ್ಕದಲ್ಲೇ ನೀರಿಗಿಳಿಯುವವರೂ ಇದ್ದಾರೆ. ಬೇಸಿಗೆಯಲ್ಲಿ ಒಣಹುಲ್ಲಿಗೆ ಯಾರೋ ಎಸೆದ ಬೀಡಿಯ ಕಿಡಿ ಸಾಕು. ಕಟ್ಟುಪಾಡು ಬಿಗಿಯಾದದ್ದು ಸುಮ್ಮನೆ ಅಲ್ಲ.

ಚಿರತೆಯೂ ಬೀದಿನಾಯಿಯೂ

ಈಗ ಎಲ್ಲರೂ ಕೇಳುವ ಪ್ರಶ್ನೆಗೆ ಬರೋಣ. 2015ರಲ್ಲಿ ಕ್ಯಾಮೆರಾಗಳನ್ನು ಕಟ್ಟಿ ನಡೆಸಿದ ಎಣಿಕೆಯಲ್ಲಿ ಉದ್ಯಾನ ಮತ್ತು ಸುತ್ತಮುತ್ತ 35 ಚಿರತೆಗಳು ಕಂಡವು. 2018ರ ಹೊತ್ತಿಗೆ ಲೆಕ್ಕ 47ಕ್ಕೇರಿತು. ಇಷ್ಟು ಸಣ್ಣ ಜಾಗದಲ್ಲಿ ಇಷ್ಟು ಚಿರತೆ ಇರುವುದು ಜಗತ್ತಿನಲ್ಲೇ ಅಪರೂಪ. ಒಂದೊಂದರ ಮೈಮೇಲಿನ ಚುಕ್ಕೆಗಳ ವಿನ್ಯಾಸ ಬೇರೆ ಬೇರೆಯಾದ್ದರಿಂದ ಫೋಟೊ ನೋಡಿಯೇ ಯಾವುದು ಯಾವುದೆಂದು ಗುರುತು ಹಿಡಿಯುತ್ತಾರೆ.

ಇವೆಲ್ಲ ಏನು ತಿಂದು ಬದುಕುತ್ತವೆ? ಒಳಗೆ ಚುಕ್ಕೆ ಜಿಂಕೆ, ಕಡವೆ, ಕಾಡುಹಂದಿ ಇವೆ. ಅಂಚಿನಲ್ಲಿ ನಾಯಿಗಳಿವೆ. ಬೇಲಿಯ ಹೊರಗೆ ಕಸದ ರಾಶಿ, ಕಸಕ್ಕೆ ನಾಯಿ, ಹಂದಿ, ನಾಯಿಗೆ ಚಿರತೆ. 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಲೆಕ್ಕವನ್ನು ತಿರುಗಿಸಿ ನೋಡಿತು. ಇಲ್ಲಿನ ಚಿರತೆಗಳು ವರ್ಷಕ್ಕೆ ಸುಮಾರು 1,500 ಬೀದಿನಾಯಿಗಳನ್ನು ತಿನ್ನುತ್ತವೆ, ಅದರಿಂದಾಗಿ ವರ್ಷಕ್ಕೆ ಸುಮಾರು ಸಾವಿರ ನಾಯಿಕಡಿತ ತಪ್ಪುತ್ತಿದೆ ಎಂದು ಅಂದಾಜಿಸಿತು. ಅಂದಾಜೇ ಇರಲಿ, ಭಯ ಹುಟ್ಟಿಸುವ ಪ್ರಾಣಿಯಿಂದ ಜನರ ಆರೋಗ್ಯಕ್ಕೆ ಲಾಭವೂ ಇದ್ದೀತು ಎಂದು ಅಲ್ಲಿಯವರೆಗೆ ಯಾರು ಯೋಚಿಸಿದ್ದರು?

ಇದು ಸುಖದ ಕಥೆ ಮಾತ್ರವಲ್ಲ. 2002ರಿಂದ 2004ರವರೆಗೆ ಉದ್ಯಾನದ ಸುತ್ತ ಚಿರತೆ ದಾಳಿಗೆ ಸಾಲುಸಾಲಾಗಿ ಜನ ಸತ್ತರು. ಹೆಚ್ಚಿನವರು ಗುಡಿಸಲುಗಳ ಮಕ್ಕಳು. 2004ರ ಜೂನ್ ತಿಂಗಳು ಎಲ್ಲಕ್ಕಿಂತ ಕರಾಳ. ಬೋನಿಡಿ, ಹಿಡಿಯಿರಿ, ದೂರ ಬಿಡಿ ಎಂಬ ಕೂಗೆದ್ದಿತು; ಇಲಾಖೆ ಹಿಡಿಯಿತು ಕೂಡ.

ಹಿಡಿದು ಬೇರೆಡೆ ಬಿಡುವುದೇ ರೋಗಕ್ಕೆ ಕಾರಣವಿರಬಹುದೇ ಎಂದು ಕೇಳಿದವರು ವನ್ಯಜೀವಿ ವಿಜ್ಞಾನಿ ವಿದ್ಯಾ ಅತ್ರೇಯ. ಪುಣೆ ಜಿಲ್ಲೆಯ ಜುನ್ನಾರ್‌ನ ಕಬ್ಬಿನ ಗದ್ದೆಗಳಲ್ಲಿ ಹಿಡಿದ ಚಿರತೆಗಳನ್ನು ದೂರದ ಕಾಡುಗಳಲ್ಲಿ ಬಿಟ್ಟ ಮೇಲೆ, ಬಿಟ್ಟ ಜಾಗದ ಸುತ್ತಲೇ ದಾಳಿ ಹೆಚ್ಚಿದ್ದನ್ನು ಅವರ ತಂಡ ತೋರಿಸಿತು. ಚಿರತೆಗೆ ತನ್ನ ಸರಹದ್ದು ಗೊತ್ತಿರುತ್ತದೆ: ನೀರೆಲ್ಲಿ, ಬೇಟೆ ಎಲ್ಲಿ, ಮನುಷ್ಯ ಯಾವ ಹೊತ್ತಿಗೆ ಓಡಾಡುತ್ತಾನೆ. ಅದನ್ನು ಗುರುತಿಲ್ಲದ ಕಾಡಿನಲ್ಲಿ ತಂದು ಬಿಟ್ಟರೆ ಕಂಗೆಡುತ್ತದೆ. ಇತ್ತ ಹಿಡಿದುಕೊಂಡು ಹೋದ ಜಾಗ ಖಾಲಿ ಉಳಿಯುವುದೂ ಇಲ್ಲ. ಇನ್ನೊಂದು ಚಿರತೆ ಬಂದು ಸೇರುತ್ತದೆ. ಬೋನಿನಿಂದ ಜನರ ಸಿಟ್ಟು ತಣಿಯಬಹುದು, ಅಪಾಯ ತಗ್ಗುವುದಿಲ್ಲ.

2011ರಲ್ಲಿ ಅರಣ್ಯ ಇಲಾಖೆ ‘ಮುಂಬೈಕರ್ಸ್ ಫಾರ್ ಎಸ್‌ಜಿಎನ್‌ಪಿ’ (ಎಸ್‌ಜಿಎನ್‌ಪಿ ಎಂದರೆ ಇದೇ ಉದ್ಯಾನದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು) ಎಂಬ ಕಾರ್ಯಕ್ರಮ ಶುರುಮಾಡಿ ವಿಜ್ಞಾನಿಗಳು, ಸ್ವಯಂಸೇವಕರು, ಪೊಲೀಸರು, ಪತ್ರಕರ್ತರನ್ನು ಒಟ್ಟಿಗೆ ಕೂರಿಸಿತು. ನನ್ನ ಮಟ್ಟಿಗೆ ಈ ಕಥೆಯ ಜೀವಾಳ ಇರುವುದು ಇಲ್ಲಿ. ಚಿರತೆ ಕಂಡಿತೆಂದರೆ ಇಲಾಖೆಗೆ ಮೊದಲು ಬೇಕಾದದ್ದು ಅರಿವಳಿಕೆ ಬಂದೂಕಲ್ಲ, ಜನಸಂದಣಿ ಚದುರಿಸುವ ಪೊಲೀಸರು. ಸುತ್ತ ಐನೂರು ಜನ ಮೊಬೈಲ್ ಹಿಡಿದು ಕೂಗುತ್ತಿದ್ದರೆ ಎಂಥ ಅಂಜುಬುರುಕ ಪ್ರಾಣಿಯೂ ಮೈಮೇಲೆ ಬೀಳುತ್ತದೆ. ಕತ್ತಲಲ್ಲಿ ಮಕ್ಕಳನ್ನು ಒಬ್ಬರನ್ನೇ ಹೊರಗೆ ಕಳಿಸಬೇಡಿ, ಕಸ ಎಸೆಯಬೇಡಿ, ಓಣಿಗೆ ದೀಪ ಹಾಕಿಸಿ, ಬಯಲಿಗೆ ಹೋಗುವ ಸ್ಥಿತಿ ಇದ್ದರೆ ಶೌಚಾಲಯ ಕಟ್ಟಿಸಿ ಎಂಬಂಥ ಸಾದಾ ಮಾತುಗಳನ್ನು ಬಡಾವಣೆ ಬಡಾವಣೆಗೆ ಹೋಗಿ ಹೇಳಿದರು. ‘ನರಭಕ್ಷಕ’ ಎಂದು ಬರೆಯುತ್ತಿದ್ದ ಪತ್ರಿಕೆಗಳ ಶೀರ್ಷಿಕೆಯ ದನಿ ತಗ್ಗಿತು. ಆಮೇಲಿನ ವರ್ಷಗಳಲ್ಲಿ ಸಾವುಗಳು ಬಹುಮಟ್ಟಿಗೆ ನಿಂತವು.

ಪೂರ್ತಿ ನಿಂತವು ಎನ್ನುವ ಹಾಗಿಲ್ಲ. 2022ರ ದೀಪಾವಳಿಯ ದಿನ, ಉದ್ಯಾನಕ್ಕೆ ತಾಗಿಕೊಂಡಿರುವ ಆರೆ ಪ್ರದೇಶದಲ್ಲಿ ಪುಟ್ಟ ಮಗುವೊಂದು ಚಿರತೆಗೆ ಬಲಿಯಾಯಿತು. ವಾಕಿಂಗಿಗೆ ಬರುವವರು ಚಿರತೆಯನ್ನು ಕೊಂಡಾಡುವುದು ಸುಲಭ. ಕತ್ತಲಾದ ಮೇಲೆ ಅದರ ನೆರೆಯಲ್ಲಿ ಮಲಗುವವರು ಬೇರೆ ಜನ.

ತೆರವಾದವರು, ಉಳಿದವರು

ಆ ಬೇರೆ ಜನರ ವಿಷಯ ಹೇಳದೆ ಈ ಕಾಡಿನ ಕಥೆ ಮುಗಿಯದು. 1995ರಲ್ಲಿ ಬಾಂಬೆ ಎನ್ವಿರಾನ್‌ಮೆಂಟಲ್ ಆಕ್ಷನ್ ಗ್ರೂಪ್ ಎಂಬ ಸಂಸ್ಥೆ ಉದ್ಯಾನದ ಒತ್ತುವರಿ ತೆರವಿಗಾಗಿ ಹೈಕೋರ್ಟ್ ಮೆಟ್ಟಿಲೇರಿತು. 1997ರಲ್ಲಿ ಕೋರ್ಟ್ ತೆರವಿಗೆ ಆದೇಶಿಸಿತು. ಸಾವಿರಾರು ಗುಡಿಸಲುಗಳು ನೆಲಸಮವಾದವು. 1995ಕ್ಕೆ ಮುಂಚಿನ ಮತದಾರರ ಪಟ್ಟಿಯಲ್ಲಿ ಹೆಸರಿದ್ದು, ಹಣ ಕಟ್ಟಬಲ್ಲವರಿಗೆ ಚಾಂದಿವಲಿಯಲ್ಲಿ ಮನೆ ಸಿಕ್ಕಿತು. ಉಳಿದವರಿಗೆ ಏನೂ ಇಲ್ಲ.

ಆ ತೆರವು ನಡೆಯದಿದ್ದರೆ ಕಾಡಿನ ಅಂಚು ಇನ್ನಷ್ಟು ಕರಗಿರುತ್ತಿತ್ತು ಎಂಬುದರಲ್ಲಿ ಅನುಮಾನವಿಲ್ಲ. ಇವತ್ತು ನಾವು ನಡೆಯುವ ದಾರಿಯ ಬೆಲೆಯನ್ನು ಮನೆಗೆಲಸದವರು, ಕೂಲಿಯವರು, ಕಲ್ಲುಕ್ವಾರಿಯಲ್ಲಿ ದುಡಿದವರು ತೆತ್ತರು ಎಂಬುದೂ ಅಷ್ಟೇ ನಿಜ. ಉದ್ಯಾನ ಎಂಬ ಹೆಸರು ಹುಟ್ಟುವುದಕ್ಕೆ ಮುಂಚಿನಿಂದ ಇಲ್ಲಿದ್ದ ವಾರ್ಲಿ, ಮಹಾದೇವ ಕೋಳಿ ಬುಡಕಟ್ಟಿನವರ ಪಾಡಾಗಳು, ಅಂದರೆ ಹಾಡಿಗಳು, ಇನ್ನೂ ಒಳಗಿವೆ. ಅವರನ್ನು ಒತ್ತುವರಿದಾರರ ಪಟ್ಟಿಗೆ ಸೇರಿಸುವುದು ಅನ್ಯಾಯ. ದೀಪ, ನೀರು, ರಸ್ತೆ ಕೇಳಿದಾಗ ಅವರಿಗೆ ಕಾಯ್ದೆ ತೋರಿಸುತ್ತಾರೆ.

ಅದೇ ಕಾಯ್ದೆ ದೊಡ್ಡ ಯೋಜನೆಗಳೆದುರು ದಾರಿ ಬಿಡುತ್ತದೆ. ಠಾಣೆ–ಬೋರಿವಲಿ ನಡುವಿನ, 10 ಕಿಲೊಮೀಟರಿಗೂ ಉದ್ದದ ಜೋಡಿ ಸುರಂಗ ಉದ್ಯಾನದ ಅಡಿಯಲ್ಲೇ ಹೋಗಲಿದೆ. 2024ರ ಜುಲೈನಲ್ಲಿ ಶಂಕುಸ್ಥಾಪನೆಯಾಯಿತು. ಗೋರೆಗಾಂವ್–ಮುಲುಂಡ್ ಸಂಪರ್ಕ ರಸ್ತೆಯದೂ ಸುರಂಗವೇ. ಮೇಲಿನ ಕಾಡನ್ನು ಕಡಿಯುವುದಕ್ಕಿಂತ ಸುರಂಗ ಮೇಲು ಎಂಬ ವಾದದಲ್ಲಿ ಹುರುಳಿದೆ. 2019ರ ಅಕ್ಟೋಬರಿನಲ್ಲಿ ಮೆಟ್ರೊ ಕಾರ್‌ಶೆಡ್ಡಿಗೆಂದು ಆರೆಯಲ್ಲಿ ರಾತ್ರೋರಾತ್ರಿ ಮರಗಳನ್ನು ಉರುಳಿಸಿದ್ದನ್ನು ನೋಡಿದವರಿಗೆ ಮಾತ್ರ ಯಾವ ಭರವಸೆಯೂ ಸಾಲದು.

ನಮ್ಮ ಊರಿನ ಅಂಚು

ಇನ್ನು ಬೆಂಗಳೂರು. ದಕ್ಷಿಣದ ತುದಿಯಲ್ಲಿ ತುರಹಳ್ಳಿ ಮೀಸಲು ಅರಣ್ಯವಿದೆ: ಬಂಡೆ ಹತ್ತುವವರು, ಸೈಕಲ್ ತುಳಿಯುವವರು, ನಸುಕಿನಲ್ಲೇ ಹಕ್ಕಿ ನೋಡಲು ಬರುವವರು. 2021ರ ಫೆಬ್ರುವರಿಯಲ್ಲಿ ಅದರ ಬಹುಭಾಗವನ್ನು ಟ್ರೀ ಪಾರ್ಕ್ ಮಾಡುವ ಪ್ರಸ್ತಾಪ ಬಂದಾಗ ಸುತ್ತಲಿನ ನಿವಾಸಿಗಳು ಬೀದಿಗಿಳಿದರು, ಸರ್ಕಾರ ಹಿಂದೆ ಸರಿಯಿತು. ವಾಕಿಂಗಿಗೆ ಬರುವವರೇ ಕಾಡಿನ ಕಾವಲುಗಾರರಾದ ಒಳ್ಳೆಯ ಉದಾಹರಣೆ ಅದು.

ಅದರ ಹಿಂದಿನ ವರ್ಷ ಇನ್ನೊಂದು ನಿರ್ಧಾರ ಆಗಿತ್ತು. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ಸುತ್ತಲಿನ ಪರಿಸರ ಸೂಕ್ಷ್ಮ ವಲಯವನ್ನು, ಮೊದಲು ಪ್ರಸ್ತಾಪಿಸಿದ್ದ 268.96 ಚದರ ಕಿಲೊಮೀಟರಿನಿಂದ 168.84ಕ್ಕೆ ಇಳಿಸಿ ಅಂತಿಮ ಅಧಿಸೂಚನೆ ಹೊರಬಿತ್ತು. ನೂರು ಚದರ ಕಿಲೊಮೀಟರ್ ಎಂದರೆ ಹೆಚ್ಚುಕಡಿಮೆ ಇಡೀ ಸಂಜಯ್ ಗಾಂಧಿ ಉದ್ಯಾನದಷ್ಟು. ತುರಹಳ್ಳಿಗೆ ಸೇರಿದಷ್ಟು ಜನ ಇದಕ್ಕೆ ಸೇರಲಿಲ್ಲ. ಅಲ್ಲಿ ನಡೆಯಲು ದಾರಿ ಇತ್ತು, ಇಲ್ಲಿ ಇದ್ದದ್ದು ನಕ್ಷೆಯ ಮೇಲಿನ ಗೆರೆ. ಕಾಲಿಟ್ಟು ಬಂದ ಕಾಡಿಗೆ ಮಾತ್ರ ನಾವು ದನಿ ಎತ್ತುತ್ತೇವೆ. ಹಾಗಾಗಿಯೇ ಊರಿನ ಕಾಡನ್ನು ಜನರಿಗೆ ಪೂರ್ತಿ ಮುಚ್ಚಬಾರದು ಎನ್ನುತ್ತೇನೆ. ಅಳತೆಯಲ್ಲಿ ತೆರೆಯಬೇಕು, ಅಷ್ಟೇ.

ಅಳತೆ ತಪ್ಪಿದರೆ ಏನಾಗುತ್ತದೆಂದು 2024ರ ಜನವರಿಯಲ್ಲಿ ಕುಮಾರಪರ್ವತ ತೋರಿಸಿತು. ಗಣರಾಜ್ಯೋತ್ಸವದ ರಜೆಗೆ ನುಗ್ಗಿದ ಚಾರಣಿಗರ ಸಂದಣಿಯ ವಿಡಿಯೊ ಊರೆಲ್ಲ ಹರಿದಾಡಿದ ಮೇಲೆ ಅರಣ್ಯ ಇಲಾಖೆ ಚಾರಣ ನಿಲ್ಲಿಸಿ, ಆನ್‌ಲೈನ್ ಟಿಕೆಟ್, ದಿನಕ್ಕೆ ಇಂತಿಷ್ಟೇ ಜನ ಎಂಬ ಮಿತಿ ತಂದಿತು. ಮಿತಿ ಬೇಕಾದದ್ದೇ. ಟಿಕೆಟ್ಟಿನ ಹಣದಲ್ಲಿ ಒಂದು ಪಾಲು ಕಸ ಹೆಕ್ಕುವುದಕ್ಕೆ, ಸ್ಥಳೀಯ ಹುಡುಗರನ್ನು ಮಾರ್ಗದರ್ಶಿಗಳಾಗಿ ತಯಾರು ಮಾಡುವುದಕ್ಕೆ ಹೋಗಬೇಕು.

ಚಿರತೆಯ ವಿಷಯದಲ್ಲಿ ನಾವು ಕಲಿಯುವುದು ಇನ್ನೂ ಬಾಕಿ ಇದೆ. 2023ರಲ್ಲಿ ಬೆಂಗಳೂರಿನ ಕೂಡ್ಲು ಬಳಿ ಕಾಣಿಸಿಕೊಂಡ ಚಿರತೆ, ಸೆರೆ ಹಿಡಿಯುವ ಯತ್ನದಲ್ಲಿ ಸತ್ತಿತು. ಮೈಸೂರಿನ ಚಾಮುಂಡಿ ಬೆಟ್ಟದ ಸುತ್ತ, ತುಮಕೂರಿನ ತೋಟಗಳಲ್ಲಿ, ರಾಮನಗರದ ಬಂಡೆಗಳ ನಡುವೆ ಚಿರತೆ ಇದ್ದೇ ಇದೆ, ನಾಳೆಯೂ ಇರುತ್ತದೆ. ನಗರಪಾಲಿಕೆಗಳು ಬೋನಿಗೆ ಮೊದಲು ಕಾಡಂಚಿನ ಬಡಾವಣೆಗಳ ಕಸ ಎತ್ತಿಸಲಿ, ಬೀದಿದೀಪ ಹಾಕಿಸಲಿ. ಪೊಲೀಸರಿಗೆ ಜನ ಚದುರಿಸುವ ತರಬೇತಿ ಕೊಡಿಸಲಿ. ಮುಂಬೈನಲ್ಲಿ ಫಲ ಕೊಟ್ಟದ್ದು ಈ ಅಗ್ಗದ ಕೆಲಸಗಳೇ.

ಮುಂಬೈಗೆ ಹೋಗುವವರು ಒಂದು ಬೆಳಗು ಬಿಡುವು ಮಾಡಿಕೊಂಡು ಈ ಕಾಡು ನೋಡಿಬನ್ನಿ. ಲೋಕಲ್ ರೈಲಿನಲ್ಲಿ ಬೋರಿವಲಿಗೆ ಇಳಿದರೆ ಗೇಟು ದೂರವಿಲ್ಲ. ಒಳಗಿನ ಜಾಡಿಗೆ ಮೊದಲೇ ಹೆಸರು ನೋಂದಾಯಿಸಿ, ಕೋತಿಗಳಿಗೆ ತಿಂಡಿ ಹಾಕಬೇಡಿ, ಸೋಮವಾರ ಹೋಗಬೇಡಿ. ಅಂದು ಉದ್ಯಾನಕ್ಕೆ ರಜೆ.